ಫಾಸಿಲ್ ಬಳಸಿ ಒಂದು ವರ್ಷ: ಕೋಡ್ ಜೊತೆ ಮಾತುಕತೆಯೂ ಲ್ಯಾಪ್‌ಟಾಪಿನಲ್ಲಿ

ಕೋಡಿನಲ್ಲಿ ಯಾರು ಯಾವಾಗ ಏನು ಬದಲಿಸಿದರು ಅನ್ನುವ ಇತಿಹಾಸ ಇಡುವ ಗಿಟ್ ಮೇಲೆ ನನಗೆ ಸಿಟ್ಟೇನಿಲ್ಲ. ಆಫೀಸಿನಲ್ಲಿ ದಿನಾ ಅದೇ. ಅದೇ ಕೆಲಸದ ಇನ್ನೊಂದು ಉಪಕರಣ ಫಾಸಿಲ್ ಕಡೆ ತಿರುಗಿದ್ದಕ್ಕೆ ಒಂದು ರಾತ್ರಿ ಬಸ್ಸು ಕಾರಣ.

ನುಡಿಯಲ್ಲಿ ಟೈಪ್ ಮಾಡಿದ ಹಳೇ ಫೈಲುಗಳನ್ನು ಯೂನಿಕೋಡಿಗೆ ತರುವ ಚಿಕ್ಕ ತಂತ್ರಾಂಶವೊಂದನ್ನು ನಾವು ಮೂವರು ಬರೆಯುತ್ತಿದ್ದೇವೆ. ಅದರಲ್ಲಿ ದೊಡ್ಡ ತಲೆನೋವು ಅರ್ಕಾವತ್ತು. ಹಳೇ ಫಾಂಟಿನಲ್ಲಿ ಅದು ಅಕ್ಷರದ ನಂತರ ಕೂರುತ್ತದೆ, ಯೂನಿಕೋಡಿನಲ್ಲಿ ಮೊದಲು. ಹಾಗೇ ಬದಲಿಸಿದರೆ ‘ಕರ್ನಾಟಕ’ ಹೋಗಿ ‘ಕನಾರ್ಟಕ’ ಆಗುತ್ತದೆ. ಶಿರಸಿಯಿಂದ ಬೆಂಗಳೂರಿಗೆ ಬರುವಾಗ ಇದನ್ನು ಸರಿಮಾಡೋಣ ಅಂತ ಲ್ಯಾಪ್‌ಟಾಪ್ ತೆಗೆದೆ. ನೆಟ್ ಇಲ್ಲ. ಕೋಡ್ ಇದೆ, ಅದರ ಇತಿಹಾಸ ಪೂರ್ತಿ ಇದೆ. ಯಾವ್ಯಾವ ಪದ ಕೆಡುತ್ತಿದೆ ಅಂತ ಗೆಳತಿ ಪಟ್ಟಿ ಮಾಡಿದ್ದ ಇಶ್ಯೂ (ದೋಷದ ದೂರು) ಮಾತ್ರ ವೆಬ್‌ಸೈಟಿನಲ್ಲಿ! ಕೋಡು ಎಲ್ಲರ ಮನೆಯಲ್ಲಿ, ಮಾತುಕತೆ ಒಬ್ಬರ ಮನೆಯಲ್ಲಿ. ಇದೆಂಥ ವಿಕೇಂದ್ರೀಕರಣ?

ಫಾಸಿಲ್ ಬರೆದವರು ಎಸ್‌ಕ್ಯೂಲೈಟ್ ಅನ್ನುವ ಪುಟ್ಟ ಡೇಟಾಬೇಸ್ ತಂತ್ರಾಂಶದ ರಿಚರ್ಡ್ ಹಿಪ್. ಇನ್‌ಸ್ಟಾಲ್ ಅನ್ನುವಷ್ಟು ಕೆಲಸವೂ ಇಲ್ಲ, ಒಂದೇ ಪ್ರೋಗ್ರಾಂ ಫೈಲು. ಕೋಡು, ಇತಿಹಾಸ ಎಲ್ಲ ಕೂಡಿಡುವ ರೆಪೊಸಿಟರಿಯೂ ಒಂದೇ ಫೈಲು, ಒಳಗಿರುವುದು ಎಸ್‌ಕ್ಯೂಲೈಟ್ ಡೇಟಾಬೇಸ್. ಟಿಕೆಟ್ (ಇಶ್ಯೂಗೆ ಇಲ್ಲಿನ ಹೆಸರು), ವಿಕಿ ಎಲ್ಲ ಅದರೊಳಗೇ. ಕ್ಲೋನ್ ಮಾಡಿದರೆ, ಅಂದರೆ ಪೂರ್ತಿ ನಕಲು ಇಳಿಸಿಕೊಂಡರೆ, ಅವೂ ಬರುತ್ತವೆ. ‘ಫಾಸಿಲ್ ಯುಐ’ ಅಂತ ಕೊಟ್ಟರೆ ಸಾಕು, ಬ್ರೌಸರಿನಲ್ಲಿ ಟೈಮ್‌ಲೈನ್ ತೆರೆದುಕೊಳ್ಳುತ್ತದೆ. ನೆಟ್ ಬೇಡ. ಈಗ ಆ ಪಟ್ಟಿಗೆ ಬಸ್ಸಿನಲ್ಲೇ ಉತ್ತರ ಬರೆಯುತ್ತೇನೆ, ಮೆಜೆಸ್ಟಿಕ್‌ನಲ್ಲಿ ಇಳಿದ ಮೇಲೆ ಸಿಂಕ್.

ತಮಾಷೆ ಏನಂದ್ರೆ, ಇಷ್ಟೆಲ್ಲ ಹಂಚುವ ಈ ಉಪಕರಣ ಸ್ವಭಾವದಲ್ಲಿ ಎಲ್ಲವನ್ನೂ ಒಂದೇ ಸರ್ವರಿನಲ್ಲಿ ಇಡುವ ಹಳೇ ಎಸ್‌ವಿಎನ್ ಥರ. ಆಟೋಸಿಂಕ್ ಮೊದಲಿನಿಂದಲೇ ಆನ್ ಇರುತ್ತದೆ. ಕಮಿಟ್ ಮಾಡಿದ (ಬದಲಾವಣೆಯನ್ನು ದಾಖಲಿಸಿದ) ಕೂಡಲೇ ಸರ್ವರಿಗೆ ಹೋಗುತ್ತದೆ. ನಿಮಗಿಂತ ಮೊದಲು ಬೇರೆಯವರು ಕಮಿಟ್ ಮಾಡಿದ್ದರೆ ‘ಫೋರ್ಕ್ ಆಗುತ್ತೆ (ಇತಿಹಾಸ ಕವಲೊಡೆಯುತ್ತೆ), ಮೊದಲು ಅಪ್‌ಡೇಟ್ ಮಾಡು’ ಅಂತ ತಡೆಯುತ್ತದೆ. ಮೊದಮೊದಲು ರೇಗುತ್ತಿತ್ತು. ಮೂವರೇ ಇರುವ ತಂಡಕ್ಕೆ ಇದೇ ಸರಿ ಅಂತ ಈಗ ಅನಿಸುತ್ತದೆ. ನಾವು ಗಿಟ್ ಇಟ್ಟುಕೊಂಡೂ ಮಾಡುತ್ತಿದ್ದದ್ದು ಅದನ್ನೇ ಅಲ್ವಾ, ಎಲ್ಲರೂ ಒಂದೇ ಮೇನ್‌ಗೆ (ಮುಖ್ಯ ಶಾಖೆಗೆ) ಪುಶ್.

ಇತಿಹಾಸ ತಿದ್ದಿ ಬರೆಯುವ ರೀಬೇಸ್ ಇಲ್ಲ. ನನ್ನ ಪೆದ್ದ ಕಮಿಟ್‌ಗಳೆಲ್ಲ ಶಾಶ್ವತ.

ನಿಜವಾದ ಕೊರತೆ ಬೇರೆ: ಹೊಸಬರು ಬರುವುದಿಲ್ಲ. ಫಾಸಿಲ್ ಬಳಸುವ ಎಸ್‌ಕ್ಯೂಲೈಟ್ ತಂಡ ಚಿಕ್ಕದು, ಹೊರಗಿನವರ ಕೋಡನ್ನು ಸಾಮಾನ್ಯವಾಗಿ ತೆಗೆದುಕೊಳ್ಳುವುದೂ ಇಲ್ಲ, ಅವರಿಗೆ ನಡೆಯುತ್ತದೆ. ನಮಗೆ ಜನ ಬೇಕು. ಒಬ್ಬ ಕಾಲೇಜು ಹುಡುಗ ಆಸಕ್ತಿಯಿಂದ ಕೇಳಿದ. ಲಿಂಕ್ ನೋಡಿ, ‘ಅಣ್ಣಾ, ಪುಲ್ ರಿಕ್ವೆಸ್ಟ್ ಎಲ್ಲಿ ಕೊಡೋದು?’ ಅಂದ. ‘ನನ್ನ ಬದಲಾವಣೆ ಸೇರಿಸಿಕೊಳ್ಳಿ’ ಅಂತ ಗಿಟ್ ಕೋಡ್ ಇಡುವ ಗಿಟ್‌ಹಬ್ ತಾಣದಲ್ಲಿ ಕೇಳುವ ರೀತಿ ಅದು, ಇಲ್ಲಿಲ್ಲ. ಬದಲಾವಣೆಯ ಪ್ಯಾಚ್ ಫೈಲು ಮೇಲ್ ಮಾಡು ಅಂದೆ. ಮತ್ತೆ ಸುದ್ದಿಯೇ ಇಲ್ಲ. ಹಾಗಾಗಿ ‘ಫಾಸಿಲ್ ಗಿಟ್ ಎಕ್ಸ್‌ಪೋರ್ಟ್’ ಬಳಸಿ ಗಿಟ್‌ಹಬ್‌ನಲ್ಲೂ ಒಂದು ನಕಲು ಇಟ್ಟೆವು. ಅಲ್ಲಿಗೆ ಕೋಡ್ ಹೋಗುತ್ತದೆ, ಟಿಕೆಟ್ ಹೋಗುವುದಿಲ್ಲ.

ಐದಕ್ಕೆ ಮೂರೂವರೆ. ಆ ಹುಡುಗ ವಾಪಸ್ ಬಂದರೆ ನಾಲ್ಕು.