ಹಿಪ್ ಸ್ಪೈಕಾ ಕಟ್ಟು: ಪಿಒಪಿಯೋ, ಫೈಬರ್‌ಗ್ಲಾಸೋ?

ಹಿಪ್ ಸ್ಪೈಕಾ ಅಂದರೆ ಎದೆಯ ಕೆಳಗಿಂದ ಕಾಲಿನವರೆಗೆ, ಕಾಲು ಅಗಲಿಸಿ ಹಾಕುವ ಗಟ್ಟಿ ಕಟ್ಟು. ಸೊಂಟದ ಕೀಲು ತಪ್ಪಿದ ಕೂಸಿಗೆ (ಡಿಡಿಎಚ್) ಕೀಲು ಕೂರಿಸಿದ ಮೇಲೆ ಹಾಕುವ ಈ ಕಟ್ಟು ಸಾಮಾನ್ಯವಾಗಿ 12 ವಾರ ಮೈಮೇಲಿರುತ್ತದೆ, ನಡುವೆ 6ನೇ ವಾರದ ಹೊತ್ತಿಗೆ ಒಮ್ಮೆ ಬದಲಾಗುತ್ತದೆ. ತೊಡೆಮೂಳೆ ಮುರಿದ ಪುಟ್ಟ ಮಕ್ಕಳಿಗೆ 4ರಿಂದ 8 ವಾರ. ಅಂಥ ವಸ್ತುವಿಗೆ ಮೊದಲ ದಿನದ ಅಂದ ನೋಡಿ ಅಂಕ ಕೊಡಬಾರದು. ಗುಣ ತಿಳಿಯುವುದು ಎರಡನೇ ವಾರದಲ್ಲಿ, ವಾಸನೆ ಶುರುವಾಗುತ್ತದೋ ಇಲ್ಲವೋ ಅನ್ನುವುದರಲ್ಲಿ.

ಪಿಒಪಿ (ಪ್ಲಾಸ್ಟರ್ ಆಫ್ ಪ್ಯಾರಿಸ್) ಅಗ್ಗ, ಕೀಲಿನ ಆಕಾರಕ್ಕೆ ಚೆನ್ನಾಗಿ ಒತ್ತಿ ಕೂರಿಸಬಹುದು. ಆದರೆ ಭಾರ, ಪೂರ್ತಿ ಒಣಗಲು 24ರಿಂದ 72 ಗಂಟೆ ಬೇಕು. ಹಸಿ ಇರುವಾಗ ಬೆರಳ ತುದಿಯಿಂದ ಹಿಡಿದೆತ್ತಿದರೆ ಒಳಗೆ ಗುಳಿ ಬಿದ್ದು, ಅದೇ ಜಾಗದಲ್ಲಿ ಚರ್ಮ ಹುಣ್ಣಾಗುತ್ತದೆ, ಅಂಗೈಯಿಂದಲೇ ಎತ್ತಬೇಕು. ಫೈಬರ್ ಹಗುರ, ಅರ್ಧ ಗಂಟೆಯೊಳಗೆ ಗಟ್ಟಿ, ಎಕ್ಸ್‌ರೇಯಲ್ಲಿ ಮೂಳೆ ಸ್ಪಷ್ಟ. ಬೆಲೆ ಹೆಚ್ಚು, ಅಂಚು ಒರಟು. ಡಿಡಿಎಚ್‌ಗೆ ಒಳಗೆ ಪಿಒಪಿ, ಮೇಲೆ ಫೈಬರ್ ಸುತ್ತಿದ ಮಿಶ್ರ ಕಟ್ಟೇ ನಮ್ಮ ಆಯ್ಕೆ. ಮೂಳೆ ಮುರಿತಕ್ಕೆ ಬರೀ ಫೈಬರ್ ಸಾಕು.

‘ಫೈಬರ್‌ಗೆ ನೀರು ತಾಗಿದರೂ ಏನಾಗಲ್ಲ’ ಎನ್ನುವವರ ಮಾತು ಅರ್ಧ ಸತ್ಯ. ಹೊರಗಿನ ಪದರಕ್ಕೆ ಏನೂ ಆಗದು, ಒಳಗಿನ ಹತ್ತಿಯ ಸಾಫ್ಟ್‌ರೋಲ್ (ಚರ್ಮಕ್ಕೆ ಸುತ್ತುವ ಮೆತ್ತೆ) ಮೂತ್ರ ಹೀರಿ ಹಾಗೇ ಇಟ್ಟುಕೊಳ್ಳುತ್ತದೆ. ಗೋರ್‌ಟೆಕ್ಸ್‌ನಂಥ ನೀರು ಹೀರದ ಒಳಪದರ ಹಾಕಿಸಿದ್ದರೆ ಮಾತು ಬೇರೆ.

ಹಾಗಾಗಿ ಡಯಾಪರ್ ಕಟ್ಟುವ ಕ್ರಮವೇ ಅರ್ಧ ಕೆಲಸ. ಮಗುವಿನ ಅಳತೆಗಿಂತ ಚಿಕ್ಕದೊಂದನ್ನು ಕಟ್ಟಿನ ಅಂಚಿನ ಒಳಗೆ ಸುತ್ತಲೂ ತೂರಿಸಿ, ದೊಡ್ಡದೊಂದನ್ನು ಕಟ್ಟಿನ ಮೇಲಿಂದ ಹಾಕಿ ಚಿಕ್ಕದನ್ನು ಬಿಗಿಹಿಡಿಸಬೇಕು. ದೊಡ್ಡದನ್ನು ಒಳಗೆ ತೂರಿಸಿದರೆ ಒದ್ದೆ ಮೇಲಕ್ಕೆ, ಬೆನ್ನಿನವರೆಗೆ ಏರುತ್ತದೆ. ಹಗಲು 2 ಗಂಟೆಗೊಮ್ಮೆ, ರಾತ್ರಿ 3-4 ಗಂಟೆಗೊಮ್ಮೆ ಬದಲಿಸಿ. ತಲೆಯ ಕಡೆ ತುಸು ಎತ್ತರಿಸಿ ಮಲಗಿಸಿದರೆ ಮೂತ್ರ ಕೆಳಗೆ ಇಳಿಯುತ್ತದೆ. ತೊಡೆಸಂದಿಯ ಕಿಂಡಿ ಕಿರಿದಾಗಿದ್ದರೆ ಇದ್ಯಾವುದೂ ನಡೆಯದು. ಮನೆಗೆ ಹೊರಡುವ ಮುನ್ನವೇ ಹಿಗ್ಗಿಸಿ ಕೊಡಲು ಕೇಳಿ. ಅಂಚಿಗೆಲ್ಲ ನೀರು ಹಿಡಿಯದ ಟೇಪನ್ನು ಸಣ್ಣ ತುಂಡು ಮಾಡಿ, ಒಂದರ ಮೇಲೊಂದು ತುಸು ಏರುವಂತೆ ಅಂಟಿಸಬೇಕು.

ಹೊಟ್ಟೆಯ ಮೇಲೆ ಮಡಿಸಿದ ಟವೆಲ್ ಇಟ್ಟು ಸುತ್ತಿ, ಆಮೇಲೆ ಎಳೆದು ತೆಗೆದಿದ್ದಾರೋ ಕೇಳಿ. ಆ ಖಾಲಿ ಜಾಗವಿಲ್ಲದಿದ್ದರೆ ಉಂಡ ಮೇಲೆ ಮಗು ಏದುಸಿರು ಬಿಡುತ್ತದೆ. ರಾಗಿ ಸರಿಯಾಗಲಿ ಅನ್ನವಾಗಲಿ, ಸ್ವಲ್ಪ ಸ್ವಲ್ಪವೇ ಹಲವು ಬಾರಿ ಕೊಡಿ. ಹೊಟ್ಟೆ ಉಬ್ಬಿ ವಾಂತಿ ನಿಲ್ಲದಿದ್ದರೆ ಬೆಳಗಾಗಲೆಂದು ಕಾಯದೆ ಆಸ್ಪತ್ರೆಗೆ ಹೋಗಬೇಕು. ಕಾಲ್ಬೆರಳು ನೀಲಿಯಾದರೆ, ತಣ್ಣಗಾದರೆ, ಉಗುರು ಒತ್ತಿ ಬಿಟ್ಟ ಮೇಲೆ 2-3 ಸೆಕೆಂಡಿನಲ್ಲಿ ಕೆಂಪು ಮರಳದಿದ್ದರೆ ಕೂಡ ಹಾಗೇ.

ಕಾಲು ಇನ್ನಷ್ಟು ಅಗಲಿಸಿದ್ದರೆ ಒಳ್ಳೆಯದಿತ್ತೇನೋ ಎಂದು ಹಿರಿಯರು ಹೇಳುವುದುಂಟು. ಬೇಡ. ಒಂದೊಂದು ಕಾಲಿನ ಅಗಲ 60 ಡಿಗ್ರಿ ದಾಟಿದರೆ ತೊಡೆಮೂಳೆಯ ತಲೆಗೆ ರಕ್ತ ಹರಿಯುವುದು ಕುಂದಬಹುದು.

ಕಾಲುಗಳ ನಡುವಿನ ಅಡ್ಡಕೋಲು ಎತ್ತುವ ಹಿಡಿಕೆಯಲ್ಲ. ಅಲ್ಲಿ ಹಿಡಿದೆತ್ತಿದರೆ ಕಟ್ಟು ಬಿರುಕು ಬಿಡುತ್ತದೆ. ಬಟ್ಟೆಯ ಜೋಲಿಗೆ ಇದು ಹಿಡಿಸದು. ನೆಲದ ಮೇಲೆ ಹಾಸಿಗೆ ಹಾಕಿ, 2ರಿಂದ 4 ಗಂಟೆಗೊಮ್ಮೆ ಮಗ್ಗುಲು ಬದಲಿಸಿ, ಬೋರಲು ಮಲಗಿಸುವಾಗ ಎದೆಯ ಕೆಳಗೆ ದಿಂಬು ಇಡಿ. ಹಿಮ್ಮಡಿ ಹಾಸಿಗೆಗೆ ಒತ್ತದಿರಲಿ. ತುರಿಕೆಗೆ ಪೌಡರ್, ಕಡ್ಡಿ ಎರಡೂ ಬೇಡ. ಹೇರ್ ಡ್ರೈಯರ್‌ನ ತಣ್ಣನೆ ಗಾಳಿ ಸಾಕು.

ಕತ್ತರಿಸುವ ಗರಗಸ ತಿರುಗುವುದಿಲ್ಲ, ಅದುರುತ್ತದಷ್ಟೆ. ಮಗು ಅಳುವುದು ಬಹುತೇಕ ಸದ್ದಿಗೆ. ಕಟ್ಟು ಬಿಚ್ಚಿದ ಮೇಲೆ ಸಿಪ್ಪೆಸಿಪ್ಪೆಯಾದ ಚರ್ಮವನ್ನು ಉಜ್ಜದೆ ಬೆಚ್ಚಗಿನ ನೀರಲ್ಲಿ ನೆನೆಸಿ. ಕಾಲು ಕೆಲವು ದಿನ ಅಗಲವಾಗಿಯೇ ಬಿಗಿದಿರುತ್ತದೆ. ಎಣ್ಣೆ ಸ್ನಾನದ ನೆಪದಲ್ಲಿ ಎಳೆದು ನೇರ ಮಾಡಿಸಬೇಡಿ: ಇಷ್ಟು ವಾರ ಅಲುಗಾಡದ ಮೂಳೆ ಆಗ ಸುಲಭವಾಗಿ ಮುರಿಯುತ್ತದೆ.