ಪುಡಿಯ ಡಬ್ಬಿ, ಬಂಗಡೆ, ಹೆಸರುಕಾಳಿನ ಗಂಜಿ

ಪ್ರೋಟೀನಿಗೆ ಈ ಮೂರರಲ್ಲಿ ಯಾವುದು ಎಂದರೆ, ಮೊದಲೇ ಹೇಳಿಬಿಡುತ್ತೇನೆ, ನನ್ನ ಮತ ಗಂಜಿಗೆ. 1,400 ರೂಪಾಯಿ ಕಳೆದುಕೊಂಡ ಮೇಲೆ ಬಂದ ಬುದ್ಧಿ ಇದು.

ನನಗಿರುವುದು ಮಸ್ಕ್ಯುಲರ್ ಡಿಸ್ಟ್ರೋಫಿ. ಸೊಂಟ, ತೊಡೆ, ಭುಜದ ಸ್ನಾಯುಗಳು ವರ್ಷದಿಂದ ವರ್ಷಕ್ಕೆ ಸವೆಯುತ್ತಿವೆ. ಈಗೀಗ ಬೆರಳುಗಳೂ ಸೋಲುತ್ತಿವೆ. ಜಿಮ್‌ಗೆ ಹೋಗುವ ಪಕ್ಕದ ಮನೆಯ ಹುಡುಗ, ‘ಅಣ್ಣಾ, ಎರಡು ತಿಂಗಳು ಪ್ರೋಟೀನ್ ಪುಡಿ ಕುಡಿದು ನೋಡಿ’ ಎಂದ. ಕರಗುವ ಸ್ನಾಯುವಿಗೆ ಸ್ನಾಯು ಕಟ್ಟುವ ಪುಡಿ. ಲೆಕ್ಕ ಸರಿಯೇ ಅನ್ನಿಸಿತು. ಕಾರವಾರದ ಪೇಟೆಯಿಂದ ಡಬ್ಬಿ ತರಿಸಿದೆ.

ತಕರಾರು ಮುಚ್ಚಳದಿಂದಲೇ ಶುರುವಾಯಿತು. ಅಂಗೈಯಗಲದ ತಿರುಪಿನ ಮುಚ್ಚಳ. ಹೆಂಡತಿ ಎಂಟಕ್ಕೇ ಕೆಲಸಕ್ಕೆ ಹೊರಡುತ್ತಾಳೆ. ಡಬ್ಬಿಯನ್ನು ಮೊಣಕಾಲುಗಳ ನಡುವೆ ಸಿಕ್ಕಿಸಿ, ಒದ್ದೆ ಟವೆಲ್ ಸುತ್ತಿ ಹತ್ತು ನಿಮಿಷ ಗುದ್ದಾಡಿದೆ. ತೆರೆದರೆ ಒಳಗೆ ಬೆಳ್ಳಿ ಹಾಳೆ. ಅದನ್ನು ಹಲ್ಲಿನಿಂದ ಹರಿದೆ. ಅಳತೆಯ ಚಮಚ ಪುಡಿಯೊಳಗೆಲ್ಲೋ ಹೂತಿತ್ತು. ಹುಡುಕಲು ಕೈಹಾಕಿದಾಗ ಡಬ್ಬಿ ವಾಲಿ ಲುಂಗಿಯೆಲ್ಲ ಚಾಕಲೇಟ್ ಬಣ್ಣವಾಯಿತು.

ಮರುದಿನದಿಂದ ಹೆಂಡತಿ ಮುಚ್ಚಳವನ್ನು ಸಡಿಲವಾಗಿಯೇ ಇಟ್ಟು ಹೋದಳು. ನಮ್ಮ ಕರಾವಳಿಯ ಮಳೆಗಾಲದ ಗಾಳಿಯನ್ನು ಕೇಳಬೇಕೆ? ಕೆಲವೇ ವಾರಗಳಲ್ಲಿ ಪುಡಿ ಬೆಲ್ಲದಚ್ಚಿನ ಹಾಗೆ ಗಟ್ಟಿಯಾಯಿತು.

ಅಷ್ಟರೊಳಗೆ ಕುಡಿದದ್ದೂ ಸುಖವಾಗಿರಲಿಲ್ಲ. ತೆಳ್ಳಗಿನದು ಗಂಟಲಲ್ಲಿ ಬೇಗ ಜಾರಿ ಕೆಮ್ಮು ತರಿಸುತ್ತಿತ್ತು. ದೋಷ ಇರುವುದು ಜೀನಿನಲ್ಲಿ, ಪ್ರೋಟೀನ್ ಸುರಿದ ಮಾತ್ರಕ್ಕೆ ಹೋದ ಸ್ನಾಯು ಮರಳುವುದಿಲ್ಲ, ಓಡಾಟವಿಲ್ಲದವನಿಗೆ ಹೆಚ್ಚಾದದ್ದು ಕೊಬ್ಬಾಗಿ ಕೂರುತ್ತದೆ ಎಂದರು ವೈದ್ಯರು. ತೂಕ ಮೂರು ಕಿಲೋ ಏರಿತ್ತು. ಕುರ್ಚಿಯಿಂದ ನನ್ನನ್ನು ಎಬ್ಬಿಸುವ ಹೆಂಡತಿಯ ಸೊಂಟಕ್ಕೆ ಅದು ತಕ್ಕಡಿಗಿಂತ ಮೊದಲೇ ಗೊತ್ತಾಗಿತ್ತು.

ಬಂಗಡೆಯ ಮೇಲೆ ದೂರಿಲ್ಲ. ನೂರು ಗ್ರಾಂಗೆ ಸುಮಾರು 19 ಗ್ರಾಂ ಪ್ರೋಟೀನ್, ಜೊತೆಗೆ ವಿಟಮಿನ್ ಡಿ. ಆದರೆ ಮುಳ್ಳು ಬಿಡಿಸಿಕೊಡಲು ಒಬ್ಬರು ಪಕ್ಕದಲ್ಲಿರಬೇಕು. ಜೂನ್, ಜುಲೈನ 61 ದಿನ ಯಾಂತ್ರಿಕ ದೋಣಿಗಳಿಗೆ ನಿಷೇಧ. ಆಗ ಬೆಲೆ ಕೇಳಿದರೇ ಹಸಿವು ಇಂಗುತ್ತದೆ. ಒಣಮೀನಿನಲ್ಲಿ ಉಪ್ಪೇ ಹೆಚ್ಚು.

ಗಂಜಿಗೆ ರಾತ್ರಿ ಒಂದು ಹಿಡಿ ಹೆಸರುಕಾಳು ನೆನೆಹಾಕಿದರೆ ಸಾಕು. ಬೆಳಿಗ್ಗೆ ಕುಚ್ಚಲಕ್ಕಿ ನುಚ್ಚಿನೊಂದಿಗೆ ಕುಕ್ಕರಿನಲ್ಲಿ ಐದಾರು ಸೀಟಿ. ಸೌಟಿನ ಬೆನ್ನಿನಿಂದ ಮಸೆದರೆ, ಚಮಚ ಓರೆ ಮಾಡಿದಾಗ ತಡೆದು ತಡೆದು ಬೀಳುವ ಹದ. ನನಗೆ ಕೆಮ್ಮು ಬರುವುದಿಲ್ಲ. ನಿಮ್ಮ ಗಂಟಲಿಗೆ ಯಾವ ಹದ ಎಂಬುದನ್ನು ನೀವು ನುಂಗುವುದನ್ನು ಪರೀಕ್ಷಿಸಿದ ವೈದ್ಯರೇ ಹೇಳಬೇಕು. ಅಕ್ಕಿಯ ಪ್ರೋಟೀನಿನ ಕೊರತೆಯನ್ನು ಕಾಳು ತುಂಬುತ್ತದೆ, ಕಾಳಿನದನ್ನು ಅಕ್ಕಿ. ಸಿಪ್ಪೆಯ ನಾರಿನಿಂದ ದಿನವಿಡೀ ಕುಳಿತವನ ಹೊಟ್ಟೆಯೂ ಸಲೀಸು. ಕ್ಯಾಲ್ಸಿಯಂಗೆ ಸಂಜೆ ರಾಗಿ ಅಂಬಲಿ, ಅದೂ ಗಟ್ಟಿಯಾಗಿಯೇ. ಹೆಂಡತಿ ಬಟ್ಟಲಿನ ಮೇಲೊಂದು ತಟ್ಟೆ ಮುಚ್ಚಿ ಹೋಗುತ್ತಾಳೆ, ಬೆರಳಿನಿಂದ ಸರಿಸಿದರಾಯಿತು.

ಗುರುವಾರದ ಹೊತ್ತಿಗೆ ಬೇಸರ ಬರುತ್ತದೆ, ಸುಳ್ಳು ಹೇಳಲಾರೆ. ಆಗ ಕುದಿಯುವ ಗಂಜಿಗೆ ಒಂದು ಮೊಟ್ಟೆ ಒಡೆದು ಕದಡಿಸುತ್ತೇನೆ.

ಮೊನ್ನೆ ಅದೇ ಹುಡುಗ ಉಳಿದ ಪುಡಿಯನ್ನು ಕೇಳಿಕೊಂಡು ಬಂದ. ಬರುವಾಗ ಸುತ್ತಿಗೆಯನ್ನೂ ತಾ ಎಂದೆ.