ಹಕ್ಕಿ ಚರ್ಮದ ಕೊಬ್ಬು ತೆಗೆಯಲು ವಾಷಿಂಗ್ ಮೆಷಿನ್ ಮೋಟರ್: ದೀರ್ಘ ಬಳಕೆಯ ವಿಮರ್ಶೆ

ವಸ್ತು: ಸೆಮಿ ಆಟೋಮ್ಯಾಟಿಕ್ ವಾಷಿಂಗ್ ಮೆಷಿನ್‌ನಿಂದ ಬಿಚ್ಚಿದ ವಾಶ್ ಮೋಟರ್, ಗುಜರಿ ಮಾಲು
ಬಳಕೆ: ಟ್ಯಾಕ್ಸಿಡರ್ಮಿಗಾಗಿ (ಸತ್ತ ಪ್ರಾಣಿಯ ಚರ್ಮವನ್ನು ಜೀವಂತ ರೂಪದಲ್ಲಿ ಉಳಿಸುವ ಕಲೆ) ಬಾತುಕೋಳಿ, ಟರ್ಕಿ, ನಾಟಿ ಹುಂಜಗಳ ಚರ್ಮದ ಒಳಮೈ ಉಜ್ಜುವ ತಂತಿ ಚಕ್ರ
ಅಂಕ: 5ಕ್ಕೆ 4

ಹಕ್ಕಿಯ ಚರ್ಮ ಸುಲಿದು ಒಳಮೈ ಹೊರಗೆ ಮಾಡಿದರೆ ಗರಿಗಳ ಬುಡಗಳು ಸಾಲುಸಾಲಾಗಿ ಎದ್ದು ಕಾಣುತ್ತವೆ. ಕೊಬ್ಬು ಕೂತಿರುವುದು ಆ ಸಾಲುಗಳ ಸಂದಿಯಲ್ಲೇ. ಕತ್ತರಿ, ಚಮಚ, ಮೊಂಡು ಚಾಕು ಯಾವುದೂ ಅಲ್ಲಿಗೆ ಸರಿಯಾಗಿ ಇಳಿಯುವುದಿಲ್ಲ. ಬಿಟ್ಟ ಕೊಬ್ಬು ಕೆಲವು ತಿಂಗಳಲ್ಲಿ ಜಿನುಗಿ ಗರಿಯ ಬುಡ ಹಳದಿಯಾಗುತ್ತದೆ, ಧೂಳು ಅಂಟುತ್ತದೆ, ಆಮೇಲೆ ಹುಳ ಬೀಳುತ್ತದೆ. ಸಣ್ಣ ತಂತಿಯ ಚಕ್ರ ತಿರುಗುತ್ತಾ ಆ ಸಂದಿಗಳನ್ನು ಗುಡಿಸಿಬಿಡುತ್ತದೆ. ಹೊರದೇಶದ ಸಿದ್ಧ ಯಂತ್ರಗಳು ದುಬಾರಿ, ಮೇಲೆ ಸಾಗಣೆ ಮತ್ತು ಸುಂಕ. ಅವುಗಳೊಳಗಿರುವುದು ಒಂದು ಮೋಟರ್, ಒಂದು ಚಕ್ರ, ಒಂದು ಡಬ್ಬ, ಅಷ್ಟೇ.

ಮೋಟರ್ ಹುಡುಕುವಾಗ ಎಲ್ಲರೂ ಮೊದಲು ಶಕ್ತಿ ಕೇಳುತ್ತಾರೆ. ಕೇಳಬೇಕಾದದ್ದು ವೇಗ. ಅಮೆರಿಕದ ಮನೆತಯಾರಿ ಯಂತ್ರಗಳ ವಿವರಗಳಲ್ಲಿ 1725 ಆರ್‌ಪಿಎಂ (ನಿಮಿಷಕ್ಕೆ ಸುತ್ತು) ಎಂದು ಬರೆದಿರುತ್ತದೆ. ಅದು ಅಲ್ಲಿನ 60 ಹರ್ಟ್ಸ್ ವಿದ್ಯುತ್ತಿನ ನಾಲ್ಕು ಪೋಲ್ (ಕಾಂತ ಧ್ರುವ) ಮೋಟರ್. ನಮ್ಮ 50 ಹರ್ಟ್ಸ್‌ನಲ್ಲಿ ಅದೇ ಜಾತಿಯ ಮೋಟರ್ 1400ರಿಂದ 1440 ತಿರುಗುತ್ತದೆ, ಮತ್ತು ಹಕ್ಕಿಯ ತೆಳು ಚರ್ಮಕ್ಕೆ ಈ ಕಡಿಮೆ ವೇಗವೇ ವಾಸಿ. 6 ಇಂಚಿನ ಚಕ್ರಕ್ಕೆ 1400 ಆರ್‌ಪಿಎಂನಲ್ಲಿ ಅಂಚಿನ ವೇಗ ಸೆಕೆಂಡಿಗೆ ಸುಮಾರು 11 ಮೀಟರ್. ಅದೇ ಚಕ್ರವನ್ನು 2800ರ ಬೆಂಚ್ ಗ್ರೈಂಡರ್‌ಗೆ ಹಾಕಿದರೆ 22 ಮೀಟರ್. ಆ ವೇಗದಲ್ಲಿ ಕೊಬ್ಬು ಹೋಗುವುದಕ್ಕೂ ಚರ್ಮ ಹರಿಯುವುದಕ್ಕೂ ನಡುವೆ ಕಣ್ಣು ಮಿಟುಕಿಸುವಷ್ಟೂ ಸಮಯ ಸಿಗುವುದಿಲ್ಲ.

ಮಿಕ್ಸಿ ಮೋಟರ್ ಬೇಡವೇ ಬೇಡ. ಹೊರೆ ಇಲ್ಲದಾಗ ಹತ್ತಾರು ಸಾವಿರ ಆರ್‌ಪಿಎಂ, ಬ್ರಷ್ ಕಿಡಿ, ಕೆಲವೇ ನಿಮಿಷಕ್ಕೆ ಬಿಸಿ. ಆಂಗಲ್ ಗ್ರೈಂಡರ್‌ಗೆ ರೆಗ್ಯುಲೇಟರ್ ಕಟ್ಟುವ ಐಡಿಯಾ ಆಗಾಗ ಕೇಳಿಬರುತ್ತದೆ, ಅದನ್ನು ಕೈಬೆರಳಿನ ಮೇಲೆ ಪ್ರೀತಿ ಇಲ್ಲದವರಿಗೆ ಬಿಡಿ. ಹೊಲಿಗೆ ಯಂತ್ರದ ಪೆಡಲ್ ಮೋಟರ್‌ನಲ್ಲಿ ವೇಗ ಬದಲಾಯಿಸಬಹುದು ನಿಜ, ಆದರೆ ಒತ್ತಿದ ಕೂಡಲೇ ಕುಗ್ಗುತ್ತದೆ, ಬಿಟ್ಟ ಕೂಡಲೇ ಹಾರುತ್ತದೆ. ಹೊಸ ಕಾಲು ಎಚ್‌ಪಿ, 1440 ಆರ್‌ಪಿಎಂ, ಮುಚ್ಚಿದ ಮೈಯ ಮೋಟರ್ ಎಲ್ಲಕ್ಕಿಂತ ಒಳ್ಳೆಯದು, ತಕರಾರಿಲ್ಲ. ಅದರ ಬೆಲೆಯಲ್ಲಿ ಈ ಇಡೀ ಯಂತ್ರ ಕಟ್ಟಬಹುದು, ಅಷ್ಟೇ ವಿಷಯ.

ಗುಜರಿಯಲ್ಲಿ ವಾಶ್ ಮೋಟರ್‌ಗೆ ಸುಮಾರು 300ರಿಂದ 500 ರೂಪಾಯಿ. ಸೆಮಿ ಆಟೋಮ್ಯಾಟಿಕ್ ಯಂತ್ರದಲ್ಲಿ ಎರಡು ಮೋಟರ್ ಇರುತ್ತವೆ, ಅಂಗಡಿಯವರು ಯಾವುದನ್ನಾದರೂ ಕೈಗೆ ಕೊಟ್ಟುಬಿಡುತ್ತಾರೆ. ತಲೆಯ ಮೇಲೆ ಬ್ರೇಕ್ ಡ್ರಮ್ ಇರುವುದು ಬಟ್ಟೆ ಹಿಂಡುವ ಸ್ಪಿನ್ ಮೋಟರ್, ಅದಕ್ಕೆ ತಾಕತ್ತು ಸಾಲದು. ಬೆಲ್ಟ್ ಪುಲ್ಲಿ ಇರುವುದೇ ವಾಶ್ ಮೋಟರ್. ಡ್ರಮ್, ಪುಲ್ಲಿ ಎರಡನ್ನೂ ಕಿತ್ತಿದ್ದರೆ ಮಲ್ಟಿಮೀಟರ್ ಹಿಡಿಯಿರಿ. ಮೂರು ತಂತಿಗಳಲ್ಲಿ ಒಂದು ಕಾಮನ್, ಅಂದರೆ ಉಳಿದೆರಡಕ್ಕೂ ಸೇರಿದ್ದು. ಕಾಮನ್‌ನಿಂದ ಉಳಿದೆರಡಕ್ಕೂ ಓಮ್ ಒಂದೇ ಬಂದು, ಆ ಎರಡರ ನಡುವೆ ಅದರ ದುಪ್ಪಟ್ಟು ಬಂದರೆ ವಾಶ್ ಮೋಟರ್. ಬಟ್ಟೆಯನ್ನು ಎರಡೂ ದಿಕ್ಕಿಗೆ ತಿರುಗಿಸಬೇಕಾದ್ದರಿಂದ ಅದರ ಎರಡು ವೈಂಡಿಂಗ್ (ಒಳಗಿನ ತಂತಿ ಸುರುಳಿ) ಸಮ ಇರುತ್ತವೆ. ಯಾವ ತಂತಿಗೂ ಮೋಟರ್‌ನ ಮೈಗೂ ನಡುವೆ ಓದಿಕೆ ಬರಬಾರದು, ಬಂದರೆ ಅಲ್ಲೇ ಇಟ್ಟು ಬನ್ನಿ. ವೈಂಡಿಂಗ್ ತಂತಿಯ ತುದಿಯನ್ನು ಬ್ಲೇಡಿನಿಂದ ಕೊಂಚ ಕೆರೆದು ನೋಡಿ: ಬೆಳ್ಳಗೆ ಕಂಡರೆ ಅಲ್ಯೂಮಿನಿಯಂ ವೈಂಡಿಂಗ್. ಕೆಲಸ ಮಾಡುತ್ತದೆ, ಆದರೆ ಬೇಗ ಬಿಸಿಯಾಗುತ್ತದೆ. ಎರಡು ಸಿಕ್ಕಿದರೆ ಭಾರದ್ದನ್ನು ತೆಗೆದುಕೊಳ್ಳಿ.

ಜೋಡಣೆ ಸುಲಭ. ನ್ಯೂಟ್ರಲ್ ಕಾಮನ್‌ಗೆ, ಕೆಪಾಸಿಟರ್ ಉಳಿದೆರಡು ತಂತಿಗಳ ನಡುವೆ, ಫೇಸ್ ಆ ಎರಡರಲ್ಲಿ ಒಂದಕ್ಕೆ. ಫೇಸನ್ನು ಇನ್ನೊಂದಕ್ಕೆ ಬದಲಿಸಿದರೆ ಹಿಮ್ಮುಖ ತಿರುಗುತ್ತದೆ. ನಡುವೆ ಆಫ್ ಇರುವ ಎರಡು ದಾರಿಯ ಸ್ವಿಚ್ ಹಾಕಿದರೆ ಇದೊಂದು ದೊಡ್ಡ ಲಾಭ. ತಂತಿ ಎಳೆಗಳು ಒಂದೇ ಕಡೆ ಬಾಗಿ ಮೊಂಡಾದಾಗ ದಿಕ್ಕು ಬದಲಿಸಿದರೆ ಮತ್ತೆ ಹರಿತವಾಗುತ್ತವೆ, ಚಕ್ರ ಹೆಚ್ಚು ಕಾಲ ಬಾಳುತ್ತದೆ. ಪೂರ್ತಿ ನಿಂತ ಮೇಲೆ ಮಾತ್ರ ಬದಲಿಸಿ. ಕೆಪಾಸಿಟರ್ ಮೋಟರ್ ಮೇಲೆ ಬರೆದಷ್ಟೇ ಇರಲಿ, ಸಾಮಾನ್ಯವಾಗಿ 10 ಮೈಕ್ರೋಫ್ಯಾರಡ್ ಆಸುಪಾಸು, 440 ವೋಲ್ಟಿನದು. ದೊಡ್ಡದು ಹಾಕಿದರೆ ಬಲ ಬರುತ್ತದೆಂದು ಹಾಕಿದವರ ಮೋಟರ್‌ಗಳು ಸುಟ್ಟ ವಾಸನೆ ಬಂದು ವೈಂಡಿಂಗ್ ಅಂಗಡಿ ಸೇರುತ್ತವೆ. ಫ್ಯಾನ್ ರೆಗ್ಯುಲೇಟರ್‌ನಿಂದ ವೇಗ ಇಳಿಸುವುದೂ ಬೇಡ. ವೋಲ್ಟೇಜ್ ಇಳಿದರೆ ಬಲ ಕುಸಿಯುತ್ತದೆ, ಚಕ್ರ ನಿಂತು ಮೋಟರ್ ಗುಂಯ್‌ಗುಡುತ್ತಾ ಬಿಸಿಯಾಗುತ್ತದೆ. ಮೃದು ಬೇಕಾದರೆ ಚಿಕ್ಕ ಚಕ್ರ ಹಾಕಿ.

ಶಾಫ್ಟಿಗೆ ಚಕ್ರ ಕೂರಿಸುವುದೇ ಇಡೀ ಕೆಲಸದ ಕಷ್ಟದ ಭಾಗ. ಲೇತ್ ಅಂಗಡಿಯಲ್ಲಿ ಶಾಫ್ಟಿಗೆ ಬಿಗಿಯಾಗಿ ಕೂರುವ ಬುಷ್ (ಲೋಹದ ಕೊಳವೆ) ಮಾಡಿಸಬೇಕು: ಒಂದು ಬದಿ ಶಾಫ್ಟಿನ ಅಳತೆ, ಇನ್ನೊಂದು ಬದಿ ಚಕ್ರದ ತೂತಿನ ಅಳತೆ, ತುದಿಯಲ್ಲಿ ಥ್ರೆಡ್. ಎರಡು ಎಂ5 ಗ್ರಬ್ ಸ್ಕ್ರೂ (ತಲೆಯಿಲ್ಲದ ಸ್ಕ್ರೂ), ಒಂದು ಶಾಫ್ಟಿನ ಚಪ್ಪಟೆ ಜಾಗದ ಮೇಲೆ. ದಿಕ್ಕು ಬದಲಿಸುವ ಯೋಚನೆ ಇದ್ದರೆ ಒಂಟಿ ನಟ್ ಸಡಿಲವಾಗಿ ಬಿಚ್ಚಿಕೊಳ್ಳುತ್ತದೆ, ಎರಡು ನಟ್ ಒಂದರ ಮೇಲೊಂದು ಬಿಗಿಯಿರಿ. ಮೋಟರ್ ಇಲ್ಲದೆ ಬುಷ್ ಮಾಡಿಸಲು ಹೋಗಬೇಡಿ. ಬರಿ ಅಳತೆ ಹೇಳಿ ಮಾಡಿಸಿದ ಬುಷ್ ಒಂದೆಳೆ ಸಡಿಲ ಇದ್ದರೂ ಚಕ್ರ ಕುಣಿಯುತ್ತದೆ, ಕುಣಿದ ಚಕ್ರ ಚರ್ಮವನ್ನು ಹೆರೆಯದೆ ಬಡಿಯುತ್ತದೆ. ಪುಲ್ಲಿ ತೆಗೆಯುವಾಗ ಗಮನ: ಕೆಲವು ಮಾದರಿಗಳಲ್ಲಿ ತಂಪು ಮಾಡುವ ಫ್ಯಾನ್ ಪುಲ್ಲಿಯ ಜೊತೆಗೇ ಇರುತ್ತದೆ. ಅದನ್ನು ಎಸೆದರೆ ಮೋಟರ್‌ನ ಆಯಸ್ಸು ಅಲ್ಲಿಗೆ ಮುಗಿಯಿತು.

ಚಕ್ರದ ವಿಷಯದಲ್ಲಿ ಜಿಪುಣತನ ಬೇಡ. ಹಾರ್ಡ್‌ವೇರ್ ಅಂಗಡಿಯ ತುಕ್ಕು ತೆಗೆಯುವ ಚಕ್ರದ ತಂತಿ 0.3 ಮಿ.ಮೀ. ಇರುತ್ತದೆ, ಹುಂಜದ ಚರ್ಮ ಚಿಂದಿಯಾಗುತ್ತದೆ. 0.15 ಮಿ.ಮೀ. ಅಥವಾ ಅದಕ್ಕೂ ತೆಳು, ಸುಕ್ಕುಸುಕ್ಕಾದ ತಂತಿಯದು ಬೇಕು. ಅಕ್ಕಸಾಲಿಗರ ಸಾಮಾನಿನ ಅಂಗಡಿಗಳಲ್ಲಿ (ಬೆಂಗಳೂರಾದರೆ ನಗರ್ತಪೇಟೆ ಕಡೆ) ಮೃದುವಾದ ಹಿತ್ತಾಳೆ ಚಕ್ರ ಕೇಳಿ. 3 ಇಂಚಿನದು ಚಿಕ್ಕ ಹಕ್ಕಿಗೆ, ಕತ್ತಿನ ಭಾಗಕ್ಕೆ ಹೇಳಿಮಾಡಿಸಿದ ಹಾಗಿರುತ್ತದೆ.

ದೀರ್ಘ ಬಳಕೆಯಲ್ಲಿ ಬಯಲಾದ ದೋಷಗಳು ಇವು. ಮೊದಲನೆಯದು ಬೇರಿಂಗ್. ಈ ಮೋಟರ್‌ನ ಮೈ ತೆರೆದದ್ದು, ಕೊಬ್ಬಿನ ತುಂತುರು ಸೋಪು ನೀರಿನ ಜೊತೆ ಸೇರಿ ಚಕ್ರದ ಕಡೆಯ ಬೇರಿಂಗ್ ಒಳಕ್ಕೆ ಹೋಗುತ್ತದೆ. ತಗಡಿನ ಮುಚ್ಚಳದ ಝಡ್‌ಝಡ್ ಬೇರಿಂಗ್ ಕರಕರ ಶಬ್ದ ಶುರುಮಾಡುತ್ತದೆ. ಹೊಸದು ಹಾಕುವಾಗ ಅದೇ ನಂಬರಿನ, ರಬ್ಬರ್ ಸೀಲಿನ 2ಆರ್‌ಎಸ್ ಕೇಳಿ. ಚಕ್ರಕ್ಕೂ ಮೋಟರ್‌ಗೂ ನಡುವೆ ಪ್ಲಾಸ್ಟಿಕ್ ಹಲಗೆಯ ಅಡ್ಡಗೋಡೆ ಕಟ್ಟಿ, ಶಾಫ್ಟ್ ಹಾಯುವಲ್ಲಿ ಹಳೆ ಟ್ಯೂಬಿನ ರಬ್ಬರ್ ಬಿಲ್ಲೆ ಹಾಕಿದರೆ ಈ ಕಾಟ ಬಹುಪಾಲು ನಿಲ್ಲುತ್ತದೆ. ಗಾಳಿ ಕಿಂಡಿ ಮಾತ್ರ ಮುಚ್ಚಬೇಡಿ.

ಎರಡನೆಯದು ಬಿಸಿ. ಬಟ್ಟೆ ಒಗೆಯುವಾಗ ಈ ಮೋಟರ್ ನಿಂತು ನಿಂತು ತಿರುಗುತ್ತದೆ, ಬಿಡುವಿಲ್ಲದ ಓಟಕ್ಕೆ ಮಾಡಿದ್ದಲ್ಲ. 15-20 ನಿಮಿಷಕ್ಕೊಮ್ಮೆ ಆರಲು ಬಿಡಬೇಕು. ಹುಂಜಕ್ಕೆ ಅಷ್ಟು ಸಾಕು, ಕೊಬ್ಬಿದ ಬಾತುಕೋಳಿಗೆ ಎರಡು ಮೂರು ಸರದಿ ಬೇಕಾಗುತ್ತದೆ. ಒಂದು ಅಂಕ ಕಳೆದದ್ದು ಇದಕ್ಕೇ. ಬಹಳ ಮೋಟರ್‌ಗಳಲ್ಲಿ ಬಿಸಿಯಾದರೆ ತಾನೇ ನಿಲ್ಲುವ ಥರ್ಮಲ್ ಕಟ್ ಇರುತ್ತದೆ. ಅದು ಆರಿದ ಮೇಲೆ ತಾನೇ ಶುರುವೂ ಆಗುತ್ತದೆ. ಮೋಟರ್ ನಿಂತ ತಕ್ಷಣ ಸ್ವಿಚ್ ಆರಿಸಿ, ಪ್ಲಗ್ ಕೀಳಿ, ಆಮೇಲೆ ಚಕ್ರ ಮುಟ್ಟಿ. ಗುಂಯ್ ಎಂದು ತಿರುಗದೆ ನಿಂತು, ಕಡ್ಡಿಯಿಂದ ತಳ್ಳಿದರೆ ಓಡಿತು ಅಂದರೆ ಕೆಪಾಸಿಟರ್ ಸೊರಗಿದೆ, ನೂರಿನ್ನೂರು ರೂಪಾಯಿಯ ಕೆಲಸ.

ಒದ್ದೆ ಕೈ, ಒದ್ದೆ ಚರ್ಮ, ತೆರೆದ ಮೋಟರ್: ಮೋಟರ್‌ನ ಮೈಗೆ ಅರ್ಥಿಂಗ್ ಕಡ್ಡಾಯ, ಲೈನಿನಲ್ಲಿ 30 ಮಿಲಿಆಂಪ್ ಆರ್‌ಸಿಸಿಬಿ (ವಿದ್ಯುತ್ ಸೋರಿದರೆ ಲೈನ್ ಕಡಿಯುವ ಸ್ವಿಚ್) ಇಲ್ಲದೆ ಚಾಲೂ ಮಾಡಬೇಡಿ. ಸ್ವಿಚ್ ಕಾಲಿನ ಕೆಳಗಿರಲಿ, ಕಾಲು ಎತ್ತಿದರೆ ನಿಲ್ಲುವಂಥದ್ದು. ಕನ್ನಡಕ, ಮಾಸ್ಕ್, ಏಪ್ರನ್ ಬೇಕೇ ಬೇಕು, ಏಕೆಂದರೆ ಕೊಬ್ಬಿನ ಜೊತೆ ತಂತಿ ಎಳೆಗಳೂ ಹಾರುತ್ತವೆ. ಚಕ್ರವನ್ನು ಡಬ್ಬದೊಳಗಿಟ್ಟು ಎರಡು ಇಂಚಿನಷ್ಟು ಮಾತ್ರ ಹೊರಗೆ ಬಿಡಿ.

ಚರ್ಮ ಹಿಡಿಯುವ ಕ್ರಮಕ್ಕೂ ಮೋಟರ್‌ನ ಆಯಸ್ಸಿಗೂ ಸಂಬಂಧವಿದೆ. ಚರ್ಮ ತೇವವಾಗಿರಲಿ, ಎರಡೂ ಕೈಯಿಂದ ಬಿಗಿಯಾಗಿ ಹಿಡಿದು ಹಗುರ ಒತ್ತಿ, ಒಂದೇ ಜಾಗದಲ್ಲಿ ಎರಡು ಮೂರು ಸೆಕೆಂಡಿಗಿಂತ ಹೆಚ್ಚು ನಿಲ್ಲಿಸಬೇಡಿ. ಚಕ್ರ ಚರ್ಮದ ನಡುವಿನಿಂದ ಅಂಚಿನ ಹೊರಕ್ಕೆ ಓಡುವಂತೆ ಇರಬೇಕು. ಅಂಚಿನಿಂದ ಒಳಕ್ಕೆ ಓಡಿದರೆ ಅಂಚನ್ನೇ ಹಿಡಿದು ಚರ್ಮ, ಗರಿ ಎಲ್ಲವನ್ನೂ ಶಾಫ್ಟಿಗೆ ಸುತ್ತಿಕೊಳ್ಳುತ್ತದೆ, ಮೋಟರ್ ಸಿಕ್ಕಿಕೊಂಡು ಬಿಸಿಯಾಗುತ್ತದೆ. ಮುಗಿದ ಮೇಲೆ ಪಾತ್ರೆ ತೊಳೆಯುವ ದ್ರವದಲ್ಲಿ ಚರ್ಮ ತೊಳೆಯಿರಿ. ನೀರಿನ ಮೇಲೆ ಜಿಡ್ಡು ತೇಲಿದರೆ ಇನ್ನೊಂದು ಸುತ್ತು ಚಕ್ರಕ್ಕೆ.

ಮೈಸೂರಿನ ಹೆಸರಾಂತ ಹಳೆಯ ಟ್ಯಾಕ್ಸಿಡರ್ಮಿ ಸಂಸ್ಥೆ ವ್ಯಾನ್ ಇಂಗೆನ್ ಹೆಸರು ಕೇಳಿ ಈ ಹವ್ಯಾಸಕ್ಕೆ ಬರುವವರಿಗೊಂದು ಮಾತು. ಆ ಹುಲಿ ಚಿರತೆಗಳ ಕಾಲ ಬೇರೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮುಂದೆ, ರಸ್ತೆ ಬದಿ ಸತ್ತು ಬಿದ್ದ ನವಿಲನ್ನು ಎತ್ತಿಕೊಂಡು ಬಂದರೂ ಅಪರಾಧವೇ. ಸಾಕಿದ ಕೋಳಿ, ಬಾತು, ಟರ್ಕಿಗಳಿಗಷ್ಟೇ ಈ ಯಂತ್ರ.

ಯಾರಿಗೆ ಬೇಡ: ಕುರಿ, ಮೇಕೆ ಚರ್ಮ ತೆಳು ಮಾಡುವವರಿಗೆ. ಅದಕ್ಕೆ ತಂತಿಯಲ್ಲ, ಅಂಚು ಮಡಿಸಿದ ದುಂಡು ಬ್ಲೇಡ್ ಬೇಕು, ಅರ್ಧ ಎಚ್‌ಪಿಯ ಮುಚ್ಚಿದ ಮೋಟರ್ ಬೇಕು. ಈ ಮೋಟರ್ ಅಲ್ಲಿ ಮೊದಲ ದಪ್ಪ ಚರ್ಮಕ್ಕೇ ಕೈಚೆಲ್ಲುತ್ತದೆ.